ಚಿನ್ನದ ಪಕ್ಕ ಮಲಗಿದ್ದ ಕಲ್ಲು

ನಾನು ಅರಿಶಿನದ ಬಟ್ಟಲು ಇನ್ನೂ ತಂದೇ ಇರಲಿಲ್ಲ, ಹೊಸ್ತಿಲಲ್ಲಿ ಆಗಲೇ ಅರಿಶಿನವಿತ್ತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳ ಮಾತು. ಮದುವೆಯಾಗಿ ಗಂಗಾನಗರದ ಹೊಸ ಮನೆಗೆ ಸೊಸೆಯಾಗಿ ಬಂದು ನಾನು ಕಂಡ ಮೊದಲ ಮಳೆಗಾಲ. ಬೆಳಿಗ್ಗೆ ಎದ್ದು ಮುಂಬಾಗಿಲು ತೆಗೆದು ಹೊಸ್ತಿಲು ತೊಳೆಯುವುದು, ಅರಿಶಿನ ಕುಂಕುಮ ಇಡುವುದು, ಮುಂದೆ ರಂಗೋಲಿ ಹಾಕುವುದು ನನ್ನ ಪಾಲಿನ ಕೆಲಸ. ಅತ್ತೆ ಚೊಂಬಿನಿಂದ ನೀರು ಸುರಿಯುತ್ತಿದ್ದರು, ನಾನು ಅಂಗೈಯಲ್ಲಿ ಉಜ್ಜುತ್ತಿದ್ದೆ. ಮಾವ ತೀರಿಕೊಂಡು ಆಗಿನ್ನೂ ಕೆಲವೇ ತಿಂಗಳಾಗಿತ್ತು. ಅರಿಶಿನ ಕುಂಕುಮದ ಬಟ್ಟಲನ್ನು ಅತ್ತೆ ಮುಟ್ಟುತ್ತಿರಲಿಲ್ಲ, ನೀರು ಮಾತ್ರ ಅವರದು. ಆ ದಿನ ಕದ ತೆಗೆದು ನೋಡಿದರೆ ಮರದ ಹೊಸ್ತಿಲಿಗೂ ಅದರ ಕೆಳಗಿನ ಗಾರೆಗೂ ನಡುವೆ ಕೂದಲಿನಷ್ಟು ಸೀಳು. ಆ ಸೀಳಿನುದ್ದಕ್ಕೂ ಹಳದಿ ಪುಡಿ, ಅಲ್ಲಲ್ಲಿ ಕೆಂಪು. ಯಾರೋ ನಮಗಿಂತ ಮೊದಲೇ ಎದ್ದು ಪೂಜೆ ಮುಗಿಸಿ ಹೋದ ಹಾಗಿತ್ತು.

“ರಾತ್ರಿನೇ ಹಚ್ಚಿಟ್ಟಿದ್ಯಾ?” ಅತ್ತೆ ಕೇಳಿದರು.

“ಇಲ್ಲ ಅತ್ತೆ.”

“ಹಂಗಾದ್ರೆ ಯಾರ್ ಹಚ್ಚಿದ್ರು?”

ನಾವು ಹಚ್ಚದ ಅರಿಶಿನ ಕುಂಕುಮ ನಮ್ಮ ಹೊಸ್ತಿಲಲ್ಲಿ ಕಂಡರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಯಾರೋ ಏನೋ ಮಾಡಿಸಿದ್ದಾರೆ. ಅತ್ತೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಚೊಂಬಿನಲ್ಲಿದ್ದ ನೀರನ್ನೆಲ್ಲ ಒಂದೇ ಸಲಕ್ಕೆ ಸುರಿದುಬಿಟ್ಟರು. ಪುಡಿ ತೊಳೆದುಹೋಯಿತು. ಮಾರನೆಯ ಬೆಳಿಗ್ಗೆ ಮತ್ತೆ ಇತ್ತು.

ಗಂಗಾನಗರ ಎಂದರೆ ಈಗಿನವರಿಗೆ ಟ್ರಾಫಿಕ್ಕು, ಅಂಗಡಿ ಸಾಲು ನೆನಪಾಗುತ್ತದೆ. ಆಗ ನಮ್ಮ ಬೀದಿಯಲ್ಲಿ ಎದ್ದಿದ್ದದ್ದು ಬೆರಳೆಣಿಕೆಯ ಮನೆಗಳು. ನಡುನಡುವೆ ಖಾಲಿ ಸೈಟು, ಸೈಟು ತುಂಬ ಲಂಟಾನದ ಪೊದೆ. ತಾರಸಿ ಹತ್ತಿದರೆ ಹೆಬ್ಬಾಳದ ಕೆರೆಯ ನೀರು ಕಾಣುತ್ತಿತ್ತು. ಗಾಳಿ ಆ ಕಡೆಯಿಂದ ಬೀಸಿದರೆ ಪಶುವೈದ್ಯ ಕಾಲೇಜಿನಲ್ಲಿ ಯಾವುದೋ ಹಸುವೋ ಎಮ್ಮೆಯೋ ಎಳೆದೆಳೆದು ಕೂಗುವುದು ಕೇಳುತ್ತಿತ್ತು. ಜಕ್ಕೂರಿನಿಂದ ಎದ್ದ ಪುಟ್ಟ ವಿಮಾನ ಮಧ್ಯಾಹ್ನ ಮನೆಯ ಮೇಲೆ ಹಾದರೆ ಅದರ ನೆರಳು ಅಂಗಳದಲ್ಲಿ ಸರ್ರನೆ ಓಡಿಹೋಗುತ್ತಿತ್ತು. ನಾನೋ ಯಶವಂತಪುರದ ವಠಾರದಲ್ಲಿ, ಗೂಡ್ಸ್ ರೈಲಿನ ಸದ್ದಿನಲ್ಲಿ, ಪಕ್ಕದ ಮನೆಯ ಒಗ್ಗರಣೆಗೆ ನಮ್ಮ ಮನೆಯಲ್ಲಿ ಸೀನುತ್ತ ಬೆಳೆದವಳು. ಅಷ್ಟು ನಿಶ್ಶಬ್ದವಾದ ಜಾಗದಲ್ಲಿ ನನಗೆ ಹಗಲು ಹೊತ್ತೇ ಹೆದರಿಕೆಯಾಗುತ್ತಿತ್ತು.

ಮಾವ ಕೋಲಾರದ ಕಡೆಯ ಚಿನ್ನದ ಗಣಿಯಲ್ಲಿ ಗುಮಾಸ್ತರಾಗಿದ್ದವರು. ಜೀವಮಾನವೆಲ್ಲ ಚಿನ್ನದ ಮೇಲೆಯೇ ಕೂತಿದ್ದರೂ ಅವರ ಮನೆಗೆ ಬಂದ ಚಿನ್ನ ಅತ್ತೆಯ ತಾಳಿಯೊಂದೇ ಎನ್ನಬೇಕು. ಬಂದದ್ದು ಕಲ್ಲುಗಳು. ನಿವೃತ್ತರಾಗಿ ಬೆಂಗಳೂರಿಗೆ ಬಂದು ಈ ಮನೆ ಕಟ್ಟಿಸಿದಾಗ ಸಾಮಾನಿನ ಜೊತೆ ಲಾರಿಯಲ್ಲಿ ಅವೂ ಬಂದವು. ಅದರಲ್ಲೊಂದು ನಡುಮನೆಯ ಶೋಕೇಸಿನಲ್ಲಿ ಗಾಜಿನ ನವಿಲಿನ ಪಕ್ಕ ಕೂತಿತ್ತು. ದಾಳದ ಹಾಗೆ ಆರೂ ಮುಖ ಸಮನಾಗಿ, ಹಿತ್ತಾಳೆ ಬಣ್ಣಕ್ಕೆ ಥಳಥಳಿಸುವ ಕಲ್ಲು. ಯಾರೂ ಕಡೆದದ್ದಲ್ಲ, ಹುಟ್ಟುವಾಗಲೇ ಹಾಗೆ ಹುಟ್ಟಿದ್ದು.

ನಾನು ಮದುವೆಯಾಗುವಾಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ, ಭೂವಿಜ್ಞಾನ ಓದುತ್ತಿದ್ದೆ. ಹುಡುಗಿಗೆ ಕಲ್ಲು ಮಣ್ಣಿನ ಓದು ಯಾಕೆ ಎಂದು ಎರಡೂ ಕಡೆಯ ನೆಂಟರು ನಕ್ಕರೆ, ಹಿಗ್ಗಿದವರು ಮಾವ ಒಬ್ಬರೇ. ಮನೆಗೆ ಬಂದ ಹೊಸದರಲ್ಲಿ ಒಂದು ದಿನ ಶೋಕೇಸಿನ ಕಲ್ಲನ್ನು ನನ್ನ ಕೈಗೆ ಕೊಟ್ಟು, “ಹೇಳಮ್ಮ ನೋಡೋಣ, ಇದೇನು?” ಎಂದರು. ಅತ್ತೆ ಅಡುಗೆಮನೆಯಿಂದಲೇ, “ಕಾಗೆ ಬಂಗಾರ,” ಎಂದರು. ಅವರ ಊರಿನಲ್ಲಿ ನೆಲದಲ್ಲಿ ಹೊಳೆಯುವುದೆಲ್ಲಕ್ಕೂ ಅದೇ ಹೆಸರು. ಕಾಗೆ ಬಂಗಾರ ಎಂದರೆ ಅಭ್ರಕ, ಉಗುರಿನಲ್ಲಿ ಪದರ ಪದರವಾಗಿ ಏಳುತ್ತದೆ, ಇದು ಅದಲ್ಲ. ನಾನು ಒಡೆದ ಪಿಂಗಾಣಿ ಬಸಿಯ ತಳಕ್ಕೆ ಇದನ್ನು ಉಜ್ಜಿ ತೋರಿಸಿದೆ. ಚಿನ್ನವಾಗಿದ್ದರೆ ಚಿನ್ನದ ಗೆರೆ ಬೀಳಬೇಕಿತ್ತು. ಬಿದ್ದದ್ದು ಹಸಿರು ಮಿಶ್ರಿತ ಕಪ್ಪು ಗೆರೆ.

“ಪೈರೈಟು. ಕಬ್ಬಿಣ, ಗಂಧಕ. ಬೇರೆ ಏನೂ ಇಲ್ಲ,” ಎಂದೆ, ವೈವಾ ಪರೀಕ್ಷೆಯಲ್ಲಿ ನಿಂತವಳ ಹಾಗೆ.

ಮಾವ ಸೊಸೆ ಗೆದ್ದಳೆಂದು ಚಪ್ಪಾಳೆ ತಟ್ಟಿದರು. “ಇದರ ನೆಂಟರಿಷ್ಟರೆಲ್ಲ ನಮ್ಮ ಹೊಸ್ತಿಲ ಕೆಳಗಿದ್ದಾರೆ ಕಣಮ್ಮ,” ಎಂದೂ ಹೇಳಿದರು. ಬಾಗಿಲು ನಿಲ್ಲಿಸುವ ಪೂಜೆಯ ದಿನ ಹೊಸ್ತಿಲ ಗುಣಿಗೆ ಎಲ್ಲರ ಹಾಗೆ ನವರತ್ನದ ಹರಳು, ಪಂಚಲೋಹದ ಚೂರು ಹಾಕಿಸಿದ್ದರಂತೆ. ಮೇಲೆ ತುಂಬುವುದಕ್ಕೆ ಮೇಸ್ತ್ರಿ ಜಲ್ಲಿ ಕೇಳಿದಾಗ ಇವರು ಗಣಿಯಿಂದ ತಂದಿದ್ದ ಒಂದು ಗೋಣಿ ಕಲ್ಲನ್ನೇ ಸುರಿಸಿದರಂತೆ. ಕಪ್ಪು ಕಲ್ಲು, ಮೈತುಂಬ ಚಿನ್ನದ ಚುಕ್ಕಿ. “ಕಂಡೋರ ಕ್ವಾರಿ ಜಲ್ಲಿ ಯಾಕೆ? ಇವು ಚಿನ್ನದ ಪಕ್ಕ ಮಲಗಿದ್ದ ಕಲ್ಲು. ಚಿನ್ನ ದೊರೆಗಳಿಗೆ ಹೋಯ್ತು, ಪಕ್ಕದಲ್ಲಿದ್ದವಾದ್ರೂ ನಮ್ಮನೇಲಿರಲಿ,” ಎಂದರು. ನಾನು ನಕ್ಕೆ. ಆ ಮನುಷ್ಯನನ್ನು ಕಂಡರೆ ನನಗೆ ಮೊದಲ ವಾರದಿಂದಲೇ ತುಂಬ ಇಷ್ಟವಾಗಿತ್ತು.

ಮದುವೆಯ ದಿನ ಅದೇ ಹೊಸ್ತಿಲ ಮೇಲಿಟ್ಟ ಅಕ್ಕಿಯ ಸೇರನ್ನು ನಾನು ಬಲಗಾಲಲ್ಲಿ ಒದ್ದು ಒಳಗೆ ಬಂದಿದ್ದೆ. ಮೆಲ್ಲಗೆ ತಾಕಿಸಮ್ಮ ಅಂದಿದ್ದರು. ನನಗೆ ಮೆಲ್ಲಗೆ ಎನ್ನುವುದು ಹುಟ್ಟಿನಿಂದ ಬಂದಿಲ್ಲ. ಸೇರು ಹಾರಿ ಹೋಗಿ ಶೋಕೇಸಿಗೆ ಬಡಿದು ಠಣ್ಣೆಂದಿತು. ಎಲ್ಲರೂ ನಕ್ಕರು, ಮಾವ ಎಲ್ಲರಿಗಿಂತ ಜೋರಾಗಿ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅವರು ಒಂದು ಸಂಜೆ ಕಾಫಿ ಲೋಟ ಕೈಯಲ್ಲಿರುವಾಗಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಆಮೇಲೆ ಆ ಸೇರಿನ ಸುದ್ದಿಗೆ ಯಾರೂ ನಗಲಿಲ್ಲ.

ಮಳೆ ಹೆಚ್ಚಾದ ಹಾಗೆ ಹೊಸ್ತಿಲು ಬೇರೆ ಬೇರೆ ಆಟ ತೋರಿಸತೊಡಗಿತು. ಮೊದಲು ಒಂದು ಕಪ್ಪು ಕಲೆ. ತಿಳಿ ಬಣ್ಣದ ಹೊಸ ಮರ. ಅದರ ಅಡಿಯಿಂದ ಶಾಯಿ ಚೆಲ್ಲಿದ ಹಾಗೆ ಕಪ್ಪು ಮೇಲಕ್ಕೆ ಏರಿತು. ಒಂದು ವಾರಕ್ಕೆ ಅದು ಐದು ಎಳೆಯಾಗಿ ಒಡೆದು, ಒಳಗಿನಿಂದ ಯಾರೋ ಅಂಗೈ ಒತ್ತಿದ ಗುರುತಿನಂತೆ ಕಾಣಿಸಿತು. ನಾನು ಬ್ರಷ್ ಹಿಡಿದು ಉಜ್ಜಿದೆ, ಹುಣಸೆಹಣ್ಣು ಹಾಕಿ ಉಜ್ಜಿದೆ. ಹೋಗಲಿಲ್ಲ. ಆಮೇಲೆ ವಾಸನೆ. ದೀಪಾವಳಿ ಇನ್ನೂ ದೂರವಿತ್ತು, ನಮ್ಮ ಬಾಗಿಲಲ್ಲಿ ಮಾತ್ರ ಆಗ ತಾನೇ ಪಟಾಕಿ ಸುಟ್ಟ ಹಾಗೆ ಗಂಧಕದ ಘಾಟು. ನಾವು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಉರ್ದು ಮಾತಿನ ಹೆಂಗಸು ಕಾಂಪೌಂಡಿನ ಮೇಲಿಂದ, “ಕೈಸೀ ಬಾಸ್ ಆರೀ ಮಾ? ಇದೇನ್ ವಾಸ್ನೆ, ಏನ್ ಸುಡ್ತಾ ಇದ್ದೀರ ನೀವು?” ಎಂದು ಕೇಳಿದಳು. ನಾವು ಏನೂ ಸುಡುತ್ತಿರಲಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ರಂಗೋಲಿಯ ಸುಣ್ಣಕಲ್ಲಿನ ಪುಡಿಯನ್ನು ಹೊಸ್ತಿಲ ಬುಡಕ್ಕೆ ಎಳೆಯಾಗಿ ಬಿಟ್ಟೆ. ಎಳೆ ಅಲುಗಿತು. ಬಿಳಿ ಗೆರೆಯುದ್ದಕ್ಕೂ ಸಣ್ಣ ಸಣ್ಣ ಗುಳ್ಳೆ ಎದ್ದು, ಸುಂಯ್ ಎಂದು ಸದ್ದು ಮಾಡಿ, ನನ್ನ ಕಣ್ಣೆದುರೇ ರಂಗೋಲಿ ಕುದಿಯಿತು. ನಾನು ಬಟ್ಟಲು ಅಲ್ಲೇ ಬಿಟ್ಟು ಅಡುಗೆಮನೆಗೆ ಓಡಿದೆ. ಕಾಲೇಜಿನಲ್ಲಿ ಸುಣ್ಣಕಲ್ಲಿನ ಮೇಲೆ ಆಸಿಡ್ ಬಿಟ್ಟು ನೂರು ಸಲ ಗುಳ್ಳೆ ಎಬ್ಬಿಸಿದವಳು ನಾನೇ. ಆದರೆ ಅದು ಲ್ಯಾಬು, ಇದು ಸತ್ತವರ ಮನೆಯ ಹೊಸ್ತಿಲು. ಹೆದರಿದವಳಿಗೆ ಓದಿದ್ದು ನೆನಪಾಗುವುದಿಲ್ಲ. ನಾಲ್ಕು ತಿಂಗಳ ಬಸುರಿ ಬೇರೆ ಆಗಿದ್ದೆ.

ಹೊಸ್ತಿಲು ನಿಧಾನಕ್ಕೆ ಮೇಲೇಳುತ್ತಿತ್ತು. ಅದು ಬರೀ ಕಣ್ಣಿಗೆ ಕಾಣದು, ಬಾಗಿಲಿಗೆ ಗೊತ್ತಾಗುತ್ತಿತ್ತು. ಕದ ಮೊದಲು ಸ್ವಲ್ಪ ಉಜ್ಜಿತು, ಆಮೇಲೆ ಅರ್ಧಕ್ಕೆ ನಿಂತಿತು. ನಡು ಮಧ್ಯಾಹ್ನ ನಾವಿಬ್ಬರೇ ಇರುವಾಗ ಬಾಗಿಲಿನ ಕಡೆಯಿಂದ ಟಕ್ ಎಂದು ಸದ್ದಾಗುತ್ತಿತ್ತು, ಬೆರಳ ಗೆಣ್ಣಿನಿಂದ ಬಡಿದ ಹಾಗೆ. ಹೋಗಿ ನೋಡಿದರೆ ಯಾರೂ ಇಲ್ಲ. ಗಾರೆಯ ಬಿರುಕು ಮಾತ್ರ ಒಂದು ಬೆರಳು ಉದ್ದವಾಗಿರುತ್ತಿತ್ತು.

ನನ್ನ ಗಂಡ ಕಾರ್ಖಾನೆಯ ಬಸ್ಸಿನಲ್ಲಿ ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಒಳ್ಳೆಯವರು. ಅಮ್ಮ ಹೇಳಿದರೂ ಹೂಂ, ಹೆಂಡತಿ ಹೇಳಿದರೂ ಹೂಂ. ನಾನು ಒಂದು ರಾತ್ರಿ ಊಟದ ಹೊತ್ತಿಗೆ, “ಮೇಸ್ತ್ರಿ ಕರೆಸಿ ಈ ಹೊಸ್ತಿಲು ತೆಗೆಸಿ ಬೇರೆ ಹಾಕ್ಸೋಣ,” ಎಂದೆ. ಅವರು ಹೂಂ ಎಂದರು. ಅತ್ತೆ ಅನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

“ಹೊಸ್ತಿಲು ಏನ್ ಮಾಡ್ತು ಪಾಪ? ಅದರ ಮೇಲೆ ಬಂದ ಕಾಲಿನ ಗುಣ ಅದು.”

ಅದುವರೆಗೆ ಅತ್ತೆ ನನಗೆ ಒಂದು ಗಡಸು ಮಾತು ಆಡಿದವರಲ್ಲ. ಅವತ್ತಿನಿಂದ ಶುರುವಾಯಿತು. ಯಲಹಂಕದ ಆಚೆ ಯಾರೋ ಶಾಸ್ತ್ರ ನೋಡಿ ಹೇಳುವವರ ಹತ್ತಿರ ಹೋಗಿಬಂದರು. ಸೇರು ಒದ್ದ ಕಾಲಿನ ಕಥೆ ಅವರಿಗೆ ಹೇಳಿದ್ದು ಇವರೇ. ಅದನ್ನೇ ಅವರು ತಿರುಗಿಸಿ ಇವರಿಗೆ ಹೇಳಿ ದಕ್ಷಿಣೆ ಇಸಿದುಕೊಂಡಿದ್ದರು. ಈ ಸೊಸೆ ಈ ಹೊಸ್ತಿಲು ದಾಟುವಷ್ಟು ದಿನ ಮನೆಗೆ ಆಗಿಬರುವುದಿಲ್ಲ, ಹುಟ್ಟುವ ಕೂಸನ್ನು ಇದರ ಮೇಲೆ ದಾಟಿಸಲೇಬಾರದು ಎಂದಂತೆ. ಸಿಟ್ಟಿನಿಂದ ನನ್ನ ಕಿವಿ ಬಿಸಿಯಾಯಿತು. ಆದರೆ ಒಂದು ಮಾತು ಹೇಳುತ್ತೇನೆ: ಆ ಸಿಟ್ಟಿನೊಳಗೇ ನಂಬಿಕೆಯೂ ಇತ್ತು. ಹೊಸ್ತಿಲು ದಾಟುವಾಗ ನಾನು ಕಾಲನ್ನು ಎತ್ತರಕ್ಕೆ ಎತ್ತಿ, ಸೀರೆಯ ನೆರಿಗೆ ಕೂಡ ತಾಕದ ಹಾಗೆ ದಾಟುತ್ತಿದ್ದೆ.

ಏಳನೇ ತಿಂಗಳಿಗೆ ಬಾಣಂತನಕ್ಕೆಂದು ಅಮ್ಮ ಬಂದು ಯಶವಂತಪುರಕ್ಕೆ ಕರೆದುಕೊಂಡು ಹೋದರು. ಹೆಣ್ಣು ಮಗು ಹುಟ್ಟಿತು. ಅತ್ತೆ ಆಸ್ಪತ್ರೆಗೆ ಬರಲಿಲ್ಲ, ನಾಮಕರಣಕ್ಕೆ ಬರಲಿಲ್ಲ. ಮೂರು ತಿಂಗಳಿಗೆ ಕರೆದುಕೊಂಡು ಹೋಗುವುದು ವಾಡಿಕೆ. ಮೂರಾಯಿತು, ಐದೂ ಆಯಿತು. ಗಂಡ ಭಾನುವಾರ ಬಂದು ಮಗುವನ್ನು ಎತ್ತಿಕೊಂಡು ಕೂತು, ಕಾಫಿ ಕುಡಿದು, ಬಾಗಿಲ ಕಡೆ ನೋಡಿ ಎದ್ದುಹೋಗುತ್ತಿದ್ದರು. ವಠಾರದ ಹೆಂಗಸರು ನಲ್ಲಿಯ ಹತ್ತಿರ ನನ್ನನ್ನು ಕಂಡೊಡನೆ ಮಾತು ನಿಲ್ಲಿಸುತ್ತಿದ್ದರು. ಗಂಡನ ಮನೆಯವರು ಕರೆಯದ ಹುಡುಗಿ ಆಗಿನ ಕಾಲದಲ್ಲಿ ಏನಾಗುತ್ತಿದ್ದಳು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಂಥ ಒಬ್ಬರು ನಮ್ಮ ವಠಾರದಲ್ಲೇ ಇದ್ದರು, ಇಡೀ ದಿನ ಬೇರೆಯವರ ಹಪ್ಪಳ ಒತ್ತಿಕೊಡುತ್ತಿದ್ದರು. ನನಗೆ ಅಳು ಬರುತ್ತಿದ್ದದ್ದು ನನಗಾಗಿ ಅಲ್ಲ. ಮಗುವಿಗೆ ಏನೂ ಅರಿಯದು, ಅದಕ್ಕೆ ಆಗಲೇ ಒಂದು ಮನೆಯ ಬಾಗಿಲು ಮುಚ್ಚಿತ್ತು.

ಹೇಗೂ ಇಲ್ಲೇ ಇರುವುದಾದರೆ ಬಾಕಿ ಉಳಿದ ಪ್ರಾಕ್ಟಿಕಲ್ ಪರೀಕ್ಷೆಯಾದರೂ ಮುಗಿಸೋಣ ಎಂದು ಒಂದು ದಿನ ಮಗುವನ್ನು ಅಮ್ಮನ ಹತ್ತಿರ ಬಿಟ್ಟು ಕಾಲೇಜಿಗೆ ಹೋದೆ. ನಮ್ಮ ಮೇಷ್ಟ್ರು ಖನಿಜದ ಬೀರು ಖಾಲಿ ಮಾಡಿಸುತ್ತಿದ್ದರು. ಮಳೆಗೆ ತಾರಸಿ ಸೋರಿ ಬೀರುವಿನೊಳಗೆ ನೀರು ಹೋಗಿತ್ತಂತೆ. ಒಂದು ಅರೆ ಎಳೆದು ಮೇಜಿನ ಮೇಲಿಟ್ಟರು. ಘಾಟು ಮೂಗಿಗೆ ಬಡಿಯಿತು. ನಾನು ನಿಂತಲ್ಲೇ ನಿಂತೆ. ಅದು ನಮ್ಮ ಹೊಸ್ತಿಲ ವಾಸನೆ.

ಅರೆಯಲ್ಲಿ ಕಲ್ಲಿನ ಬದಲು ಹಳದಿ, ಬಿಳಿ, ಕೆಂಪು ಪುಡಿಯ ಗುಡ್ಡೆಯಿತ್ತು. ಹೆಸರು ಬರೆದ ಚೀಟಿ ಕಪ್ಪಾಗಿ, ಮುಟ್ಟಿದರೆ ಉದುರುವಂತಿತ್ತು. ಮರದ ಅರೆಯ ತಳ ಕರಿಬಿದ್ದಿತ್ತು.

“ಇದೇನ್ ಸಾರ್?” ಎಂದೆ. ಗೊತ್ತಿದ್ದೂ ಕೇಳಿದೆ.

“ಪೈರೈಟು ಕಣಮ್ಮ. ಇತ್ತು, ಈಗಿಲ್ಲ.” ಮೇಷ್ಟ್ರಿಗೆ ಪಾಠ ಹೇಳುವ ಹುಮ್ಮಸ್ಸು ಬಂತು. “ಇದು ಹುಟ್ಟೋದು ಗಾಳಿ ಆಡದ ಕಡೆ. ಕೆರೆ ತಳದ ಕೊಳೆತ ಕೆಸರಲ್ಲಿ, ಇಲ್ಲಾ ಭೂಮಿ ಆಳದಲ್ಲಿ ಬಿಸಿನೀರು ಹರಿದ ಬಿರುಕಲ್ಲಿ. ಅಲ್ಲಿದ್ರೆ ಕೋಟಿ ವರ್ಷ ಹಂಗೇ ಇರುತ್ತೆ. ಮೇಲೆ ತಂದು ಗಾಳಿ, ನೀರು ತೋರಿಸಿದ್ರೆ ಮುಗೀತು. ಗಂಧಕದ ಆಸಿಡ್ ಆಗುತ್ತೆ, ಕಬ್ಬಿಣ ತುಕ್ಕಾಗುತ್ತೆ, ಪುಡಿಯಾಗಿ ಊದ್ಕೊಳುತ್ತೆ. ಪಕ್ಕದಲ್ಲಿ ಇರೋದನ್ನೆಲ್ಲ ತಿಂತಾ ಹೋಗುತ್ತೆ.”

“ನಮ್ಮನೇಲೊಂದಿದೆ ಸಾರ್, ಶೋಕೇಸಲ್ಲಿ. ಅದು ಹಂಗೇ ಹೊಳೀತಿದೆಯಲ್ಲ?”

“ದಾಳದ ತರ ಇದೆಯಾ? ಅದಕ್ಕೇ. ದೊಡ್ಡ ಹರಳು ಗಟ್ಟಿ, ಸುಲಭಕ್ಕೆ ಬಗ್ಗಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕಣದ್ದಿರುತ್ತಲ್ಲ, ಕಪ್ಪು ಕಲ್ಲಲ್ಲಿ ಚುಕ್ಕಿ ಚುಕ್ಕಿಯಾಗಿ, ಅದು ಅಪಾಯ. ಎರಡರ ಜಾತಿ ಒಂದೇ, ಸ್ವಭಾವ ಬೇರೆ.”

ಅವರು ಉಳಿದ ಒಂದು ತುಂಡನ್ನು ಎತ್ತಿ ಸುತ್ತಿಗೆಯಿಂದ ಬಡಿದರು. ಹಗಲಲ್ಲೂ ಕಿಡಿ ಹಾರಿದ್ದು ಕಾಣಿಸಿತು. ಬೆಂಕಿಪೊಟ್ಟಣ ಬರುವ ಮೊದಲು ಜನ ಇದನ್ನು ಬಡಿದು ಬೆಂಕಿ ಮಾಡುತ್ತಿದ್ದರು, ಇದನ್ನು ಸುಟ್ಟು ಆಸಿಡ್ ಮಾಡುವ ಕಾರ್ಖಾನೆಗಳಿವೆ, ಮೊದಮೊದಲ ರೇಡಿಯೋಗಳಲ್ಲಿ ಕರೆಂಟೇ ಇಲ್ಲದೆ ಈ ಕಲ್ಲಿಗೆ ತಂತಿಯ ಮೊನೆ ತಾಕಿಸಿ ಹಾಡು ಕೇಳುತ್ತಿದ್ದರು ಎಂದೆಲ್ಲ ಹೇಳುತ್ತ ಹೋದರು. ನಾನು ಅರ್ಧ ಮಾತ್ರ ಕೇಳಿಸಿಕೊಂಡೆ. ಇಷ್ಟೆಲ್ಲ ಕೆಲಸಕ್ಕೆ ಬರುವ ಕಲ್ಲು ನಮ್ಮ ಮನೆಯಲ್ಲಿ ಸೊಸೆಯನ್ನು ಹೊರಗೆ ಹಾಕುವ ಕೆಲಸ ಮಾಡಿತ್ತು. ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಗಾಳಿ ಸಾಲದು, ನೀರೂ ಬೇಕು. ಆ ನೀರನ್ನು ದಿನ ಬೆಳಿಗ್ಗೆ ತಪ್ಪದೆ, ಮಡಿಯಲ್ಲಿ, ಭಕ್ತಿಯಿಂದ ಸುರಿದು ಉಜ್ಜಿದವರು ನಾವಿಬ್ಬರೇ. ಹಳದಿ ಕಂಡಷ್ಟೂ ಹೆದರಿ ಇನ್ನೊಂದು ಚೊಂಬು ಸುರಿದಿದ್ದೆವು. ಹೊಸ್ತಿಲು ತೊಳೆಯದ ಮನೆಯಾಗಿದ್ದರೆ ಮಾವನ ಕಲ್ಲು ತನ್ನ ಪಾಡಿಗೆ ತಾನು ಹತ್ತಾರು ವರ್ಷ ಸುಮ್ಮನಿರುತ್ತಿತ್ತೋ ಏನೋ.

ಮಾರನೆಯ ದಿನ ಮಧ್ಯಾಹ್ನ ಮಗುವನ್ನು ಎತ್ತಿಕೊಂಡು, ಯಾರೂ ಕರೆಯದೆ, ಗಂಗಾನಗರಕ್ಕೆ ಹೋದೆ. ಮೇಖ್ರಿ ಸರ್ಕಲ್ಲಿನಲ್ಲಿ ಬಸ್ಸಿಳಿದು ನಡೆದೆ. ಅತ್ತೆಗೆ ಏನು ಹೇಳಬೇಕು, ಯಾವ ಮಾತಿಗೆ ಯಾವ ಉತ್ತರ ಎಂದು ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತಿದ್ದೆ. ಗೇಟಿನ ಹತ್ತಿರ ಬಂದಾಗ ಒಳಗೆ ಮಾತು ಕೇಳಿಸಿತು.

ಬಾಗಿಲು ಅರ್ಧಕ್ಕೆ ಸಿಕ್ಕಿಕೊಂಡು ನಿಂತಿತ್ತು. ಅತ್ತೆ ಒಳಗಡೆ ನೆಲದ ಮೇಲೆ ಕೂತಿದ್ದರು. ಬಲಗೈ ಅಂಗೈಯನ್ನು ಹೊಸ್ತಿಲ ಮೇಲೆ ಊರಿದ್ದರು. ಕಣ್ಣು ಮುಚ್ಚಿತ್ತು.

“ಇವತ್ತು ಸಾರಿಗೆ ಹುಳಿ ಜಾಸ್ತಿಯಾಯ್ತು. ನೀವಿದ್ದಿದ್ರೆ ಊಟಾನೇ ಮಾಡ್ತಿರ್ಲಿಲ್ಲ,” ಎಂದರು ಅತ್ತೆ. ಸ್ವಲ್ಪ ಸುಮ್ಮನಿದ್ದರು, ಎದುರಿಗಿದ್ದವರು ಏನೋ ಹೇಳುವಷ್ಟು ಹೊತ್ತು. ಆಮೇಲೆ ಪಕ್ಕದಲ್ಲಿದ್ದ ಚೊಂಬೆತ್ತಿ ಸೀಳಿನೊಳಕ್ಕೆ ನಿಧಾನವಾಗಿ ನೀರು ಬಿಟ್ಟು ಮತ್ತೆ ಅಂಗೈ ಇಟ್ಟು ಕಾದರು. “ಹೂಂ. ಬಂತು.”

ಹಗಲು ಮೂರು ಗಂಟೆ, ಬಿಸಿಲು ಹೊಳೆಯುತ್ತಿದೆ, ಲಂಟಾನದ ಮೇಲೆ ಚಿಟ್ಟೆ ಹಾರುತ್ತಿದೆ, ಇಲ್ಲಿ ಒಬ್ಬರು ಹೊಸ್ತಿಲ ಜೊತೆ ಸಾರಿನ ಮಾತಾಡುತ್ತಿದ್ದಾರೆ. ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. ಮಗು ಕೈಯಲ್ಲಿ ಕೊಸರಿ ಏನೋ ಸದ್ದು ಮಾಡಿತು. ಅತ್ತೆ ಕಣ್ಣು ಬಿಟ್ಟರು. ಮೊಮ್ಮಗಳನ್ನು ಅವರು ನೋಡಿದ್ದು ಅದೇ ಮೊದಲು. ಮುಖ ಅರಳಲು ಹೊರಟು ಅಲ್ಲೇ ನಿಂತಿತು.

“ಅಲ್ಲೇ ನಿಲ್ಲು. ಕೂಸನ್ನ ತರ್ಬೇಡ, ದಾಟಿಸ್ಬಾರ್ದು ಅಂದಿದ್ದಾರೆ,” ಎಂದರು.

ನಾನು ಅಂಗಳದಲ್ಲಿ ನಿಂತೇ ಎಲ್ಲ ಹೇಳಿದೆ. ಮಾವ ಹಾಕಿಸಿದ ಗೋಣಿ ಕಲ್ಲು, ಗಂಧಕ, ನೀರು, ಆಸಿಡ್ಡು, ಕಾಲೇಜಿನ ಬೀರು. ಅವರು ತಡೆಯದೆ ಕೇಳಿದರು. ಕೊನೆಗೆ, “ಕಲ್ಲು ಹಾಕಿಸಿದ್ದು ಅವರೇ ಅಂತ ನಂಗೊತ್ತಿಲ್ವೇನೇ? ನಾನೇ ಗೋಣಿ ಬಾಯಿ ಬಿಚ್ಚಿದ್ದು,” ಎಂದರು.

“ಮತ್ತೆ ನನ್ನ ಕಾಲ್ಗುಣ ಅಂತ ಯಾಕಂದ್ರಿ?”

“ಅನ್ನದಿದ್ರೆ ನೀನು ಮೇಸ್ತ್ರಿ ಕರೆಸಿ ಅವರು ಹಾಕಿಸಿದ್ದನ್ನ ತೆಗೆಸ್ಬಿಡ್ತಿದ್ದೆ.”

ಸಿಟ್ಟು ನೆತ್ತಿಗೇರಿತು. ನನ್ನ ಬಾಳು, ನನ್ನ ಮಗುವಿನ ಬಾಳು, ಇವರಿಗೆ ಒಂದು ಮರದ ತುಂಡಿಗಿಂತ ಕಡಿಮೆಯಾಯಿತೇ? ಮಗುವನ್ನು ಆಪಾಳ ಕೈಗೆ ಕೊಟ್ಟು ಅವರ ಮನೆಯ ಹಾರೆ ಕೇಳಿದೆ. “ಒಬ್ಳೇ ನಕ್ಕೋ ಮಾ, ಬೇಡ, ಬಾಣಂತಿ ಮೈ ನಿಂದು,” ಎನ್ನುತ್ತ ಆಪಾ ಮಗುವನ್ನು ತನ್ನ ಹಿರಿಮಗಳಿಗೆ ದಾಟಿಸಿ ಹಾರೆ ಹಿಡಿದು ತಾನೇ ಜೊತೆಗೆ ಬಂದಳು. ಅತ್ತೆ ಕೂತಲ್ಲಿಂದ ಏಳಲಿಲ್ಲ. ಅಂಗೈ ತೆಗೆಯಲಿಲ್ಲ.

“ಕೈ ತೆಗೀರಿ ಅತ್ತೆ.”

“ಮುಟ್ಟಿ ನೋಡು. ಆಮೇಲೆ ಏನ್ ಬೇಕಾದ್ರೂ ಮಾಡು.”

ನಾನು ಬಗ್ಗಿ ಅವರ ಕೈ ಪಕ್ಕದಲ್ಲಿ ನನ್ನ ಕೈ ಇಟ್ಟೆ. ಬೆಚ್ಚಗಿತ್ತು. ಬಿಸಿಲಿಗೆ ಕಾದ ಮರದ ಬಿಸಿಯಲ್ಲ, ಆ ಬಾಗಿಲು ಉತ್ತರದ ಕಡೆಗೆ. ಮಧ್ಯಾಹ್ನದ ಬಿಸಿಲು ಅಲ್ಲಿಗೆ ಬರುವುದೇ ಇಲ್ಲ. ಜ್ವರ ಇಳಿದ ಮೈಯ ಬಿಸಿ. ಕಲ್ಲು ಗಾಳಿ ನೀರು ಕುಡಿದು ಕೊಳೆಯುವಾಗ ಶಾಖ ಹುಟ್ಟುತ್ತದೆ ಎಂದು ಪುಸ್ತಕದಲ್ಲಿದೆ. ಆದರೆ ಒಂದು ಗೋಣಿ ಕಲ್ಲಿಗೆ ಅಷ್ಟು ಶಾಖ ಬರಬಾರದು, ಬಂದರೂ ಅಷ್ಟು ದಿನ ನಿಲ್ಲಬಾರದು ಎಂದು ಆಮೇಲೆ ಮೇಷ್ಟ್ರು ತಲೆ ಕೆರೆದುಕೊಂಡರು. ನನಗೂ ಆ ಕ್ಷಣ ಮಾವನವರೇ ಎನ್ನಿಸಿತು. ಎನ್ನಿಸಲಿಲ್ಲ ಎಂದರೆ ಸುಳ್ಳು ಹೇಳಿದ ಹಾಗೆ. ಆಪಾ ಕೂಡ ಬೆರಳು ತಾಕಿಸಿ, ಚಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡು ಏನೋ ಪ್ರಾರ್ಥನೆ ಹೇಳಿಕೊಂಡಳು.

“ನೀನು ತವರಿಗೆ ಹೋದ್ಮೇಲೆ ಶುರುವಾಯ್ತು. ನೀರು ಹಾಕಿದ್ರೆ ಜಾಸ್ತಿಯಾಗುತ್ತೆ,” ಅತ್ತೆ ಹೇಳಿದರು. “ನಾನು ಮಾತಾಡ್ಸಿದ್ರೆ ಉತ್ತರ ಕೊಟ್ಟಂಗೆ. ಅವರು ಹೋಗುವಾಗ ಒಂದು ಮಾತೂ ಆಡ್ಲಿಲ್ವಲ್ಲೇ. ಕಾಫಿ ಲೋಟ ಹಿಡ್ಕೊಂಡೇ ಹೋಗ್ಬಿಟ್ರು.”

ನಾನು ಮೇಲೆ ನೋಡಿದೆ. ಬಿರುಕು ಹೊಸ್ತಿಲಿಂದ ಎದ್ದು ಬಾಗಿಲ ಚೌಕಟ್ಟಿನ ಪಕ್ಕದ ಗೋಡೆ ಹತ್ತಿ ಮೇಲಿನ ಕಲ್ಲ ತೊಲೆಯವರೆಗೂ ಹೋಗಿತ್ತು. ಅದನ್ನು ತೋರಿಸಿದೆ. ಇದು ಒಂದು ದಿನ ನಮ್ಮಲ್ಲಿ ಯಾರ ತಲೆಯ ಮೇಲಾದರೂ ಬೀಳುತ್ತದೆ, ಕೂಸು ಅಂಬೆಗಾಲಿಡುವ ಹೊತ್ತಿಗೆ ಬೀಳಬಹುದು ಎಂದೆ. ಸಿಟ್ಟು ಇಳಿದಿರಲಿಲ್ಲ, ಆದರೆ ದನಿ ಮಾತ್ರ ಯಾಕೋ ಇಳಿದಿತ್ತು. ಅತ್ತೆ ಬಿರುಕನ್ನು ನೋಡಿದರು. ಕಾಂಪೌಂಡಿನ ಆಚೆಯಿಂದ ಮಗು ಕೇಕೆ ಹಾಕುವುದು ಕೇಳಿಸಿತು. ತುಂಬ ಹೊತ್ತಾದ ಮೇಲೆ ಕೈ ತೆಗೆದರು.

“ನಿಧಾನಕ್ಕೆ ತೆಗಿ. ನೋವಾಗ್ದಂಗೆ,” ಎಂದರು.

ಮರ ಹಾರೆಗೆ ಕಡುಬಿನ ಹಾಗೆ ಬಿಟ್ಟುಕೊಂಡಿತು, ಅಡಿಯೆಲ್ಲ ಕರಿಬಿದ್ದು ತಿಂದುಹೋಗಿತ್ತು. ಗಾರೆ ಸಕ್ಕರೆಯ ಹಾಗೆ ಉದುರುತ್ತಿತ್ತು. ಗುಣಿಯಿಂದ ಬಂದ ಉಸಿರು ಮುಖಕ್ಕೆ ಹೊಡೆದು ಮೂವರೂ ಕೆಮ್ಮಿದೆವು. ಕಪ್ಪು ಕಲ್ಲುಗಳು ಹಳದಿ ಹಿಟ್ಟಿನಲ್ಲಿ ಹೂತು ಕೂತಿದ್ದವು, ಕೆಲವು ಇನ್ನೂ ಮಿನುಗುತ್ತಿದ್ದವು. ತಳದಲ್ಲಿ ಪಂಚಲೋಹದ ತಾಮ್ರ ನೀಲಿ ನೀರಾಗಿತ್ತು. ನವರತ್ನದ ಹರಳಿನಲ್ಲಿ ಮುತ್ತೂ ಹವಳವೂ ಇಲ್ಲ. ಅವು ಸುಣ್ಣದ ಜಾತಿ, ಆಸಿಡ್ಡು ತಿಂದುಹಾಕಿತ್ತು. ಅತ್ತೆ ಅವುಗಳನ್ನು ಹುಡುಕಲಿಲ್ಲ. ಕಲ್ಲುಗಳನ್ನು ಒಂದೊಂದಾಗಿ ಬರಿಗೈಯಲ್ಲಿ ಎತ್ತಿ ತಮ್ಮ ಹಳೆಯ ಸೀರೆಯೊಂದರ ಮೇಲೆ ಅಂಗಳದಲ್ಲಿ ಇಡುತ್ತ ಹೋದರು. ಕೈ ಉರಿಯುತ್ತದೆ ಬೇಡ ಎಂದು ಆಪಾ ಹೇಳಿದರೂ ಕೇಳಲಿಲ್ಲ.

ಬಯಲಿಗೆ ಬಂದ ಕಲ್ಲುಗಳು ಬೇಗ ತಣ್ಣಗಾದವು. ಅತ್ತೆ ಪಕ್ಕದಲ್ಲೇ ಕೂತು ಒಂದೊಂದನ್ನೂ ಮುಟ್ಟಿ ನೋಡುತ್ತಿದ್ದರು. ಒಂದು ತಣ್ಣಗಾದರೆ ಅದನ್ನು ಬಿಟ್ಟು ಇನ್ನೊಂದಕ್ಕೆ ಕೈ ಇಡುತ್ತಿದ್ದರು. ಹೊತ್ತು ಇಳಿಯುವವರೆಗೂ ಹಾಗೆಯೇ ಕೂತಿದ್ದರು. ನನಗೆ ಅವರನ್ನು ಎಬ್ಬಿಸುವ ಧೈರ್ಯ ಬರಲಿಲ್ಲ. ಅವರ ಗಂಡ ಎರಡನೇ ಸಲ ಹೋದದ್ದು ನನ್ನ ಕೈಯಿಂದ ಎಂದು ಗೊತ್ತಿತ್ತು. ಇನ್ನು ಏನು ಶಾಪ ಬರುತ್ತದೋ ಬರಲಿ ಎಂದು ಆಪಾಳ ಮನೆಯಿಂದ ಮಗುವನ್ನು ಎತ್ತಿಕೊಂಡು ಬಂದು ಗುಣಿಯ ಈಚೆ, ಅಂಗಳದಲ್ಲೇ ನಿಂತಿದ್ದೆ.

ಕೊನೆಯ ಕಲ್ಲನ್ನೂ ಮುಟ್ಟಿ ನೋಡಿ ಅತ್ತೆ ತಲೆ ಎತ್ತಿದರು. ಎರಡೂ ಕೈ ಮಗುವಿನ ಕಡೆಗೆ ಚಾಚಿದರು. ಬೆರಳು, ಅಂಗೈ, ಮಣಿಕಟ್ಟು ಎಲ್ಲ ಹಳದಿ. ಉಗುರ ಸುತ್ತ ಚರ್ಮ ಸುಲಿದು ಕೆಂಪಾಗಿತ್ತು.

“ಮೊದ್ಲು ಕೈ ತೊಳ್ಕೊಳ್ಳಿ ಅತ್ತೆ,” ಎಂದೆ. “ಅದು ಮಗೂನ ಸುಡುತ್ತೆ.”

ಅವರು ತಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಮೂಗಿನ ಹತ್ತಿರ ತಂದು ಮೂಸಿದರು. ಬೇಡ ಎಂದುಬಿಡುತ್ತಾರೆ, ಎದ್ದು ಒಳಗೆ ಹೋಗಿಬಿಡುತ್ತಾರೆ ಎಂದೇ ನಾನು ಅಂದುಕೊಂಡೆ. ನನ್ನ ಮಗಳು ಅವರನ್ನೇ ನೋಡುತ್ತಿದ್ದಳು.

ಅತ್ತೆ ನೆಲಕ್ಕೆ ಮೊಣಕೈ ಊರಿ ಎದ್ದರು. ಮನೆಯ ಪಕ್ಕದ ನಲ್ಲಿಯ ಹತ್ತಿರ ಹೋದರು. ಅಲ್ಲಿಂದ ಬಹಳ ಹೊತ್ತು ನೀರಿನ ಸದ್ದು ಬರುತ್ತಲೇ ಇತ್ತು.